ಕಾಲು ದರದ ಹೊತ್ತು

1990ರ ದಶಕದಲ್ಲಿ ದೂರದ ಊರಿಗೆ ಫೋನ್ ಮಾಡಬೇಕಾದವರು ಗಡಿಯಾರ ನೋಡಿಕೊಂಡೇ ಮನೆಯಿಂದ ಹೊರಡುತ್ತಿದ್ದರು. ಹಗಲಲ್ಲಿ ಎಸ್‌ಟಿಡಿ ಮಾಡಿದರೆ ಪೂರ್ತಿ ದರ. ಸಂಜೆಯ ಮೇಲೆ ಅದು ಹಂತಹಂತವಾಗಿ ಇಳಿದು, ರಾತ್ರಿ ಹನ್ನೊಂದು ಹೊಡೆದ ಮೇಲೆ ಕಾಲು ದರಕ್ಕೆ ಬಂದು ನಿಲ್ಲುತ್ತಿತ್ತು. ಲೆಕ್ಕವೆಲ್ಲ ಪಲ್ಸಿನ ಮೇಲೆ. ಬೂತಿನೊಳಗೆ ಕಣ್ಣಿನ ಎತ್ತರಕ್ಕೆ ಹೊಡೆದಿದ್ದ ಪುಟ್ಟ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು. ಎಕ್ಸ್‌ಚೇಂಜಿನಿಂದ ಒಂದು ಪಲ್ಸು ಬಂದರೆ ಒಂದು ಯೂನಿಟ್ಟು ಏರಿತು ಅಂತ ಅರ್ಥ. ಊರು ದೂರವಾದಷ್ಟೂ ಪಲ್ಸು ಬೇಗ ಬೇಗ. ಹಗಲು ಹೊತ್ತು ಮುಂಬಯಿಗೆ ಮಾತಾಡುವವರ ಕಣ್ಣು ಆ ಅಂಕಿ ಬಿಟ್ಟು ಕದಲುತ್ತಿರಲಿಲ್ಲ. ‘ಎಲ್ಲಾ ಚೆನ್ನಾಗಿದೀರಾ’ ಅನ್ನುವಷ್ಟರಲ್ಲಿ ಅದು ಬದಲಾಗಿರುತ್ತಿತ್ತು. ಹನ್ನೊಂದರ ಮೇಲೆ ಅದೇ ಪಲ್ಸು ನಾಲ್ಕು ಪಟ್ಟು ತಡವಾಗಿ ಬರುತ್ತಿತ್ತು. ಆಗ ಜನ ಅಂಕಿ ನೋಡುವುದು ಬಿಟ್ಟು ಮಾತಾಡುತ್ತಿದ್ದರು.

ಚಾಮುಂಡಿ ಬೆಟ್ಟದ ಪಾದಕ್ಕೆ ಹೋಗುವ ರಸ್ತೆಯಲ್ಲಿ ನನ್ನ ಸೋದರಮಾವನ ಅಂಗಡಿ ನಡುರಾತ್ರಿ ದಾಟಿದರೂ ತೆರೆದಿರುತ್ತಿದ್ದುದು ಈ ಕಾಲು ದರದ ದೆಸೆಯಿಂದಲೇ. ಆ ಕಡೆಯ ಉಳಿದ ಅಂಗಡಿಗಳು ಒಂಬತ್ತೂವರೆಗೆಲ್ಲ ಬಾಗಿಲು ಹಾಕಿದರೆ ಮಾವನ ವ್ಯಾಪಾರ ಹನ್ನೊಂದಕ್ಕೆ ಕುದುರುತ್ತಿತ್ತು. ಹಳದಿ ಬೋರ್ಡಿನ ಮೇಲೆ ಕಪ್ಪಕ್ಷರದಲ್ಲಿ ಎಸ್‌ಟಿಡಿ, ಐಎಸ್‌ಡಿ, ಪಿಸಿಓ. ಎಡಗಡೆ ಗಾಜಿನ ಬೂತು, ಬಲಗಡೆ ತೂಗುಹಾಕಿದ ಬಾಳೆಗೊನೆ, ಮಧ್ಯೆ ಗಲ್ಲಾಪೆಟ್ಟಿಗೆಯ ಹಿಂದೆ ಎತ್ತರದ ಸ್ಟೂಲಿನ ಮೇಲೆ ಮಾವ. ಎಳವೆಯಲ್ಲೇ ಪೋಲಿಯೊ ಬಡಿದು ಅವರ ಎಡಗಾಲು ಸೊರಗಿತ್ತು. ಪಿಸಿಓ ಹಂಚುವಾಗ ಅಂಗವಿಕಲರಿಗೂ ಮಾಜಿ ಸೈನಿಕರಿಗೂ ಆದ್ಯತೆ ಇರುತ್ತಿತ್ತು. ಹಾಗೆ ಸಿಕ್ಕ ಬೂತು ಅದು. ಅದಕ್ಕೆ ಮುಂಚೆ ಅದೇ ಜಾಗದಲ್ಲಿ ಬೀಡಿ, ಬೆಂಕಿಪೊಟ್ಟಣ, ನಂಜನಗೂಡು ಹಲ್ಲುಪುಡಿ ಮಾರುವ ಪೆಟ್ಟಿಗೆ ಅಂಗಡಿ ಇಟ್ಟಿದ್ದರಂತೆ. ಬೂತು ಬಂದಮೇಲೆ ಬನ್ನು, ಬ್ರೆಡ್ಡು, ಹಾಲು, ಕರ್ಪೂರ, ತಲೆನೋವಿನ ಮಾತ್ರೆ ಎಲ್ಲ ಸೇರಿಕೊಂಡವು. ಫೋನಿಗೆ ಸರತಿಯಲ್ಲಿ ನಿಂತವರು ಸುಮ್ಮನೆ ನಿಲ್ಲುವುದಿಲ್ಲ, ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಾರೆ ಎಂಬುದು ಮಾವನ ಲೆಕ್ಕ.

ನಾನು ನಂಜನಗೂಡು ಕಡೆಯ ಹಳ್ಳಿಯಿಂದ ಮಹಾರಾಜ ಕಾಲೇಜಿಗೆ ಓದಲು ಬಂದದ್ದು 1994ರಲ್ಲಿ. ನಮ್ಮೂರಿಗೆ ಕಾಣುವುದು ಬೆಟ್ಟದ ಹಿಂಬದಿ. ಮಾವನ ಮನೆಗೆ ಬಂದಮೇಲೆ ಅದೇ ಬೆಟ್ಟವನ್ನು ಎದುರಿನಿಂದ ನೋಡಿದೆ. ಊಟ, ಮಲಗಲು ಜಾಗ ಮಾವನದು. ಅದಕ್ಕೆ ಬದಲಾಗಿ ರಾತ್ರಿ ಊಟವಾದ ಮೇಲೆ ಅಂಗಡಿಯಲ್ಲಿ ಕೂರಬೇಕು. ಕೂರುವುದಕ್ಕಿಂತ ಓಡುವುದೇ ಹೆಚ್ಚಿತ್ತು ಅನ್ನಿ. ಕಾರಣ, ಪಿ.ಪಿ. ನಂಬರು. ಆಗ ಬೀದಿಗೆ ಒಂದೆರಡು ಮನೆಯಲ್ಲಿ ಫೋನಿದ್ದರೆ ಹೆಚ್ಚು. ಉಳಿದವರೆಲ್ಲ ತಮ್ಮ ನೆಂಟರಿಗೆ, ಆಫೀಸಿಗೆ, ಮಗಳ ಮದುವೆಯ ಕಾಗದಕ್ಕೆ ಮಾವನ ಅಂಗಡಿಯ ನಂಬರನ್ನೇ ಕೊಟ್ಟು, ಮುಂದೆ ಪಿ.ಪಿ. ಎಂದು ಬರೆದಿದ್ದರು. ಹೊರಗಿನಿಂದ ಫೋನ್ ಬಂದರೆ ಮಾವ ಹೆಸರು ಕೇಳಿಕೊಂಡು, ‘ಹತ್ತು ನಿಮಿಷ ಬುಟ್ಟು ಮಾಡಿ’ ಅನ್ನುತ್ತಿದ್ದರು. ನಾನು ಓಡಿಹೋಗಿ ಆ ಮನೆಯ ಬಾಗಿಲು ಬಡಿಯಬೇಕು. ಬರುವ ಕರೆಗೆ ಮಾವನಿಗೆ ನಯಾಪೈಸೆ ಹುಟ್ಟುತ್ತಿರಲಿಲ್ಲ. ಇಲಾಖೆಯ ಕಮಿಷನ್ನು ಏನಿದ್ದರೂ ಹೋಗುವ ಕರೆಗೆ. ಆ ಹತ್ತು ನಿಮಿಷ ಫೋನು ಖಾಲಿ ಇಟ್ಟುಕೊಂಡಿರಬೇಕಾದ್ದರಿಂದ ನಷ್ಟವೇ. ಆದರೂ ಅವರು ಒಬ್ಬರಿಗೂ ಇಲ್ಲವೆಂದದ್ದು ನಾನು ಕಾಣೆ.

ಬಾಗಿಲು ಬಡಿಯುವುದಕ್ಕೂ ಮಾವ ಒಂದು ಕ್ರಮ ಹೇಳಿಕೊಟ್ಟಿದ್ದರು. ಒಳ್ಳೆಯ ಸುದ್ದಿಯೆಂದು ಗೊತ್ತಿದ್ದರೂ ಹೇಳಕೂಡದು, ಕೆಟ್ಟದ್ದಾದರಂತೂ ಹೇಳಲೇಕೂಡದು. ‘ಫೋನ್ ಬಂದದೆ, ಬನ್ನಿ’ ಅಷ್ಟೇ. ಹೆರಿಗೆ ಆಗಿರಲಿ, ಸಾವಾಗಿರಲಿ, ಸಂಬಂಧಪಟ್ಟವರ ಬಾಯಿಂದಲೇ ಅವರಿಗೆ ಗೊತ್ತಾಗಬೇಕು. ‘ಹೊಸ್ಲಲ್ಲಿ ನಿಂತ್ಕಂಡು ಸಾವಿನ ಸುದ್ದಿ ಹೇಳಕ್ಕೆ ನೀನ್ಯಾವನ್ಲಾ?’ ಎಂದು ಮೊದಮೊದಲೇ ಗದರಿದ್ದರು. ಅಂಥ ಕರೆ ಬಂದ ರಾತ್ರಿ ನಾನು ಹೊರಡುವಷ್ಟರಲ್ಲಿ ಮಾವ ಬೂತಿನೊಳಗೆ ತಮ್ಮ ಸ್ಟೂಲನ್ನೇ ಇಟ್ಟು, ಒಂದು ಚೊಂಬು ನೀರು ತುಂಬಿ, ಹೊರಗೆ ನಿಂತ ಸರತಿಯನ್ನು ಪಕ್ಕಕ್ಕೆ ಕಳಿಸಿರುತ್ತಿದ್ದರು. ಅಂಗಡಿ ಮುಂದೆ ಗಾಡಿ ನಿಲ್ಲಿಸಿಕೊಂಡಿರುತ್ತಿದ್ದ ಆಟೋದ ಅಣ್ಣನಿಗೆ ಆ ಸ್ಟೂಲು ಒಳಗೆ ಹೋದದ್ದು ಕಂಡರೆ ಸಾಕು, ತಾನಾಗಿ ಗಾಡಿಯನ್ನು ಬಸ್‌ಸ್ಟ್ಯಾಂಡಿನ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದರು. ಆ ಸವಾರಿಗೆ ಮೀಟರ್ ಹಾಕುತ್ತಿರಲಿಲ್ಲ.

ಹತ್ತರ ಸುಮಾರಿಗೆ ಬೆಟ್ಟದ ಕಡೆಯಿಂದ ಕೊನೆಯ ಬಸ್ಸು ಇಳಿದ ಮೇಲೆ ರಸ್ತೆ ಖಾಲಿ. ಬೆಟ್ಟದ ಮೇಲೂ ಒಂದು ಊರಿದೆ ಎಂಬುದು ದೇವರ ದರ್ಶನಕ್ಕೆ ಬಂದುಹೋಗುವ ಬಹಳ ಜನಕ್ಕೆ ಹೊಳೆಯುವುದಿಲ್ಲ. ಅಲ್ಲಿಂದ ಪೇಟೆಗೆ ಕೆಲಸಕ್ಕೆ ಇಳಿದು ಬಸ್ಸು ತಪ್ಪಿಸಿಕೊಂಡವರು ನಮ್ಮ ಬೆಂಚಿನ ಮೇಲೆ ಕೂತು ಜೊತೆಗಾರರಿಗಾಗಿ ಕಾಯುತ್ತಿದ್ದರು. ಇಬ್ಬರೋ ಮೂವರೋ ಆದಮೇಲೆ ಮಾವನ ಟಾರ್ಚು ತೆಗೆದುಕೊಂಡು ಮೆಟ್ಟಿಲು ಹತ್ತುವುದು. ಕಾಡು, ಚಿರತೆಯ ಭಯ ಆಗಲೂ ಇತ್ತು, ಈಗಲೂ ಇದೆ. ಟಾರ್ಚು ಮರುದಿನ ಬೆಳಗಿನ ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ವಾಪಸು ಬರುತ್ತಿತ್ತು. ಚಳಿಗಾಲದ ನಡುರಾತ್ರಿ ಸದ್ದೆಲ್ಲ ಅಡಗಿದಾಗ ಮೈಸೂರು ಝೂನ ಸಿಂಹ ಗರ್ಜಿಸುವುದು ಅಲ್ಲಿಗೂ ಕೇಳುತ್ತಿತ್ತು. ಹೊಸಬರು ಬೆಚ್ಚಿಬೀಳುತ್ತಿದ್ದರು. ಬೀದಿಯ ಮಕ್ಕಳು ಮಗ್ಗುಲು ಬದಲಿಸಿ ಮಲಗುತ್ತಿದ್ದವು.

ಹನ್ನೊಂದಕ್ಕೆ ಸರಿಯಾಗಿ ಬೀಟ್ ಪೊಲೀಸಿನವರ ಸೈಕಲ್ಲು. ‘ಬಾಗ್ಲಾಕ್ರೀ ಯಜಮಾನ್ರೇ’ ಅನ್ನುವರು. ಮಾವ ಷಟರನ್ನು ಅರ್ಧಕ್ಕೆ ಎಳೆಯುವರು. ಅಲ್ಲಿಗೆ ಬೀಡಿ ಬನ್ನಿನ ವ್ಯಾಪಾರ ನಿಂತಿತು, ಫೋನು ಮಾತ್ರ ನಡೆಯುತ್ತದೆ ಎಂದು ಅವರಿಬ್ಬರ ನಡುವಿನ ಒಪ್ಪಂದ. ಆಮೇಲೆ ಕಾನ್‌ಸ್ಟೇಬಲ್ಲು ಟೋಪಿ ಕಂಕುಳಲ್ಲಿ ಇಟ್ಟುಕೊಂಡು, ಬಗ್ಗಿ ಷಟರಿನ ಕೆಳಗಿಂದ ಒಳಗೆ ಬಂದು ತಾವೂ ಸರತಿಯಲ್ಲಿ ನಿಲ್ಲುತ್ತಿದ್ದರು. ಹೆಂಡತಿ, ಮಗು ಹೆಗ್ಗಡದೇವನಕೋಟೆ ಕಡೆ ಅಣ್ಣನ ಮನೆಯಲ್ಲಿ. ಮಗುವಿಗೆ ಮಾತು ಬರುವ ಮುಂಚಿನಿಂದ ಫೋನಿನಲ್ಲಿ ಅದರ ಉಸಿರಾಟ ಕೇಳಿಸಿಕೊಳ್ಳುತ್ತಿದ್ದವರು ಅವರು. ಸಮವಸ್ತ್ರ ಕಂಡು ಯಾರಾದರೂ ಮುಂದೆ ಬಿಟ್ಟರೆ ಹೋಗುತ್ತಿರಲಿಲ್ಲ. ಪ್ರಿಂಟರಿನಿಂದ ಚೀಟಿ ಹರಿದು ಕೊಟ್ಟ ಕೂಡಲೇ ಎಣಿಸಿ ದುಡ್ಡಿಡುತ್ತಿದ್ದರು.

ಅದೇ ಸರತಿಯಲ್ಲಿ ಕೇರಳದ ಒಬ್ಬ ನರ್ಸು. ಮಾವ, ನಾನು, ಆಟೋ ಅಣ್ಣ ಎಲ್ಲರಿಗೂ ಅವರು ‘ಸಿಸ್ಟರ್’. ಹೆಸರು ಯಾರೂ ಕೇಳಲಿಲ್ಲ. ಸಂಜೆಯ ಪಾಳಿ ಮುಗಿಸಿ ಬಂದು ಕೊಟ್ಟಾಯಂಗೆ ಫೋನ್ ಮಾಡಿ ತಂಗಿಯ ಕಾಲೇಜು ಫೀಸಿನ ವಿಚಾರ ಮಾತಾಡುತ್ತಿದ್ದರು. ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಅವರು ಫೋನ್ ಮಾಡುತ್ತಲೇ ಇರಲಿಲ್ಲ. ನಿದ್ದೆ ಬಾರದೆ ಬೆಂಚಿನ ಮೇಲೆ ಕೂತು ಹಿಂದಿನ ದಿನದ ‘ಆಂದೋಲನ’ ಪತ್ರಿಕೆಯನ್ನು ಮತ್ತೊಂದು ಸಲ ಓದುವರು. ಐಎಸ್‌ಡಿ ಕೋಡುಗಳ ಪಟ್ಟಿ ಅವರಿಗೆ ಬಾಯಿಪಾಠವಾಗಿತ್ತು. ಮೇಷ್ಟ್ರ ಹೆಂಡತಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಬೇಕು, ಮೇಷ್ಟ್ರ ಕೈ ನಡುಗುತ್ತದೆ ಎಂಬುದು ಬೆಂಚಿನ ಮಾತುಕತೆಯಲ್ಲಿ ಸಿಸ್ಟರ್ ಕಿವಿಗೆ ಬಿತ್ತು. ಮರುದಿನದಿಂದ ಅವರು ಕೆಲಸಕ್ಕೆ ಹೋಗುವಾಗೊಮ್ಮೆ ಮೇಷ್ಟ್ರ ಮನೆಗೆ ಹೊಕ್ಕು ಹೋಗತೊಡಗಿದರು. ಬದಲಿಗೆ ಮೇಷ್ಟ್ರು ಅವರಿಗೆ ಕನ್ನಡ ಓದಲು, ಬರೆಯಲು ಕಲಿಸಿದರು. ಸಿಸ್ಟರ್ ಮೊದಲು ಕೂಡಿಸಿ ಓದಿದ ಕನ್ನಡ ನಮ್ಮ ಅಂಗಡಿಯ ಸಾಲದ ಬೋರ್ಡು.

ಬೂತಿನ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಒಳಗೆ ಆಡಿದ್ದೆಲ್ಲ ಹೊರಗೆ ಕೇಳುತ್ತಿತ್ತು. ದೂರದ ಲೈನಿನಲ್ಲಿ ಕೂಗಿಯೇ ಮಾತಾಡಬೇಕಾದ್ದರಿಂದ ಗುಟ್ಟು ಅನ್ನುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಯಾರ ಮಗಳಿಗೆ ಗಂಡಿನ ಕಡೆಯವರು ಒಲ್ಲೆ ಅಂದರು, ಯಾರ ಜಮೀನು ಅಡವಿಗೆ ಬಿತ್ತು, ಯಾರಿಗೆ ಯಾವ ಊರಲ್ಲಿ ಯಾರಿದ್ದಾರೆ, ಎಲ್ಲವೂ ಮಾವನಿಗೆ ಗೊತ್ತು. ಗೊತ್ತಿದ್ದುದನ್ನು ಅವರು ಅತ್ತೆಯ ಹತ್ತಿರವೂ ಆಡಲಿಲ್ಲ. ಅವರ ದುಡಿಮೆ ಅಂದರೆ ಬೂತು ಕಾಯುವುದಲ್ಲ, ಕೇಳಿಸಿಕೊಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಎಂದು ನನಗೆ ಆ ವಯಸ್ಸಿನಲ್ಲೇ ಅನಿಸುತ್ತಿತ್ತು. ಆ ನಂಬಿಕೆ ಇಲ್ಲದಿದ್ದರೆ ಅಷ್ಟು ಜನ ಅಲ್ಲಿಗೇ ಬರುತ್ತಿರಲಿಲ್ಲ. ರೇಸ್‌ಕೋರ್ಸ್ ಕಡೆ, ಇಟ್ಟಿಗೆಗೂಡಿನ ಕಡೆ ಬೇರೆ ಬೂತುಗಳಿದ್ದವು, ಅವುಗಳ ಬಾಗಿಲುಗಳೂ ಚೆನ್ನಾಗಿ ಕೂರುತ್ತಿದ್ದವು.

ಗಂಧದಕಡ್ಡಿ ಅಕ್ಕನ ಮಾತು ಹೇಳಬೇಕು. ಹಿಂದಿನ ಬೀದಿಯ ವಠಾರದಲ್ಲಿ ಒಂದೇ ಕೋಣೆಯ ಮನೆ ಅವರದು. ಮೈಸೂರಿನ ಗಂಧದಕಡ್ಡಿಗೆ ಲೋಕವೆಲ್ಲ ಹೆಸರು. ಆ ಹೆಸರಿನ ಹಿಂದೆ ಇಂಥ ಕೋಣೆಗಳಲ್ಲಿ ಕೂತ ಸಾವಿರಾರು ಹೆಂಗಸರಿದ್ದರು. ಮುಂದೆ ಒಂದು ಮಣೆ, ಪಕ್ಕದಲ್ಲಿ ಬಿದಿರ ಕಡ್ಡಿಯ ಕಟ್ಟು, ಇದ್ದಿಲ ಪುಡಿಗೆ ಜಿಗಟು ಬೆರೆಸಿ ಕಲಸಿದ ಕಪ್ಪು ಹಿಟ್ಟು. ಒಂದು ಚಿಟಿಕೆ ಹಿಟ್ಟನ್ನು ಕಡ್ಡಿಗೆ ಒತ್ತಿ, ಅಂಗೈಯಲ್ಲಿ ಒಮ್ಮೆ ಉಜ್ಜಿದರೆ ಕಡ್ಡಿ ತಯಾರು. ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಅಕ್ಕ ಮಾತಾಡುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ, ಕಣ್ಣು ಮಣೆಯ ಮೇಲಿರುತ್ತಿರಲಿಲ್ಲ. ಆ ಕಪ್ಪು ಎಷ್ಟು ತೊಳೆದರೂ ಬೆರಳ ಗೆರೆಗಳಿಂದ ಹೋಗುತ್ತಿರಲಿಲ್ಲವಾದ್ದರಿಂದ ರಿಸೀವರನ್ನು ಅವರು ಸೆರಗಿನಲ್ಲೇ ಹಿಡಿಯುತ್ತಿದ್ದರು.

ಒಬ್ಬನೇ ಮಗ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿದ್ದ. ತಿಂಗಳ ಮೊದಲ ಭಾನುವಾರ ರಾತ್ರಿ ಹನ್ನೊಂದರ ಮೇಲೆ ಅವನ ಫೋನು. ಅಕ್ಕ ಹತ್ತೂವರೆಗೇ ಬಂದು ಬೆಂಚಿನ ತುದಿಯಲ್ಲಿ ಕೂರುವರು. ಒಂದು ವರ್ಷ ದಸರಾ ಕಳೆದ ಮೇಲೆ ಫೋನು ನಿಂತುಹೋಯಿತು. ಮುಂದಿನ ತಿಂಗಳೂ ಇಲ್ಲ. ಹೋಟೆಲಿನ ನಂಬರಿಗೆ ಮಾವ ತಾವೇ ಮಾಡಿದರು, ‘ಕೆಲಸ ಬಿಟ್ಟು ಹೋದ’ ಎಂದು ಅತ್ತಲಿಂದ ಉತ್ತರ. ಆಮೇಲಿನ ಭಾನುವಾರಗಳಲ್ಲೂ ಅಕ್ಕ ಬಂದು ಕೂತು ಹನ್ನೆರಡರವರೆಗೆ ಕಾದು ಎದ್ದುಹೋಗುತ್ತಿದ್ದರು. ಮಾವ ಆ ಒಂದು ತಾಸು ಫೋನನ್ನು ಆದಷ್ಟು ಖಾಲಿ ಇಡಲು ನೋಡುತ್ತಿದ್ದರು. ಸರತಿಯಲ್ಲಿದ್ದವರಿಗೂ ಅದು ತಿಳಿದು, ಬೇಗ ಬೇಗ ಮಾತು ಮುಗಿಸುತ್ತಿದ್ದರು.

ಬೆಂಚಿನ ಇನ್ನೊಂದು ತುದಿ ಭಾಯಿಯದು. ರೇಸ್‌ಕೋರ್ಸಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ, ಐವತ್ತು ದಾಟಿದ ಮನುಷ್ಯ. ಬೆಳಗಿನ ಜಾವ ಕುದುರೆಗಳನ್ನು ಹೊರಗೆ ಬಿಡುವ ಮುಂಚೆಯೇ ಎದ್ದಿರಬೇಕಾದ್ದರಿಂದ ರಾತ್ರಿ ಪೂರ್ತಿ ಮಲಗುವ ಅಭ್ಯಾಸವೇ ತಪ್ಪಿಹೋಗಿತ್ತು. ಸಿಂಹ ಕೂಗಿದ ರಾತ್ರಿ ಕುದುರೆಗಳು ನಿಂತಲ್ಲೇ ಕಾಲು ಬದಲಿಸುತ್ತವೆ ಎಂದು ಅವರೇ ನನಗೆ ಹೇಳಿದ್ದು. ಅವರೂ ಅಕ್ಕನೂ ಒಂದೇ ಬೆಂಚಿನಲ್ಲಿ ಎಷ್ಟೋ ಕಾಲ ಕೂತಿದ್ದರೂ ಮಾತು ಅಂತ ಆಡಿದ್ದು ಕಡಿಮೆ. ಮೈಸೂರಿನ ರೇಸು ಮುಗಿದ ಮೇಲೆ ಕೆಲವು ಕುದುರೆಗಳು ಚಳಿಗಾಲದ ಪಂದ್ಯಗಳಿಗೆ ಮುಂಬಯಿಯ ಮಹಾಲಕ್ಷ್ಮಿಗೆ ಹೋಗುತ್ತವೆ. ಜೊತೆಗೆ ಅವುಗಳನ್ನು ನೋಡಿಕೊಳ್ಳುವವರೂ. ಆ ಸಲ ಹೊರಡುವ ಹಿಂದಿನ ರಾತ್ರಿ ಭಾಯಿ ಬೆಂಚಿನಿಂದ ಎದ್ದು ಅಕ್ಕನ ಮುಂದೆ ನಿಂತು, ‘ಹುಡುಗನ್ದು ಫೋಟೋ ಇದ್ರೆ ಕೊಡಿ ಅಕ್ಕಾ’ ಅಂದರು. ಅಕ್ಕ ಮನೆಗೆ ಹೋಗಿ ಹತ್ತನೇ ಕ್ಲಾಸಿನ ಗುಂಪುಚಿತ್ರ ತಂದರು. ಅದರಲ್ಲಿ ಮಗನ ಮುಖ ಕಡಲೆಕಾಳಿನಷ್ಟು. ಭಾಯಿ ಅದನ್ನು ಕರ್ಚೀಫಿನಲ್ಲಿ ಸುತ್ತಿ ಒಳಜೇಬಿಗೆ ಇಟ್ಟುಕೊಂಡರು.

ಭಾಯಿ ಆಮೇಲೆ ಹೇಳಿದ ಪ್ರಕಾರ, ಬಿಡುವು ಸಿಕ್ಕಾಗಲೆಲ್ಲ ಲೋಕಲ್ ಟ್ರೈನು ಹಿಡಿದು ಮಾಟುಂಗಕ್ಕೆ ಹೋಗುತ್ತಿದ್ದರು. ಅಲ್ಲಿ ಕನ್ನಡ, ತುಳು ಆಡುವವರಿಗೆ ಕೊರತೆಯಿಲ್ಲ. ಹೋಟೆಲಿನಿಂದ ಹೋಟೆಲಿಗೆ, ಹಿತ್ತಿಲ ಬಾಗಿಲಲ್ಲಿ ಪಾತ್ರೆ ತೊಳೆಯುವ ಹುಡುಗರ ಮುಂದೆ ಫೋಟೋ ಹಿಡಿಯುವುದು. ಕೊನೆಗೆ ಒಬ್ಬ ಹುಡುಗ ಗುರುತು ಹಿಡಿದು ವಡಾಲಾ ಕಡೆಗೆ ಕರೆದುಕೊಂಡು ಹೋದನಂತೆ.

ಜನವರಿಯ ಒಂದು ರಾತ್ರಿ, ಭಾನುವಾರವೂ ಅಲ್ಲ, ಹನ್ನೊಂದು ದಾಟಿ ಫೋನು ಬಡಿದುಕೊಂಡಿತು. ಎತ್ತಿದವನು ನಾನು. ‘ಮಗಾ, ಓಡು, ಅಕ್ಕನ್ನ ಕರ್ಕೊಂಡ್ ಬಾ, ಫೋನ್ ಇಡಬೇಡ’ ಎಂದು ಭಾಯಿಯ ದನಿ. ಹತ್ತು ನಿಮಿಷ ಬಿಟ್ಟು ಮಾಡಿ ಅನ್ನಬೇಕಿತ್ತು. ಅನ್ನಲಿಲ್ಲ. ಆ ಕಡೆ ಅವರ ದುಡ್ಡಿನ ಪಲ್ಸು ಓಡುತ್ತಿದ್ದರೂ ಇಡಬೇಡ ಅಂದಿದ್ದಾರೆ. ನಾನು ವಠಾರಕ್ಕೆ ಓಡಿದೆ. ಅಕ್ಕ ಹಿಟ್ಟು ಹತ್ತಿದ ಕೈಯಲ್ಲೇ ಬಂದರು, ಆ ದಿನ ಸೆರಗು ಕೂಡ ಅಡ್ಡ ಹಿಡಿಯಲಿಲ್ಲ. ಮಗನ ದನಿ ಕೇಳಿದ್ದೇ ತಡ, ಬೈಯಲು ಶುರುಮಾಡಿದರು. ‘ಮುಂಡೇದೇ, ಕೈ ಸುಟ್ಕಂಡ್ರೆ ಹೇಳಕ್ಕಾಗಕಿಲ್ವಾ? ಕೆಲ್ಸ ಹೋದ್ರೆ ತಾಯಿ ಸತ್ತೋದ್ಲಾ ನಿಂಗೆ?’ ಕಾದ ಎಣ್ಣೆ ಬಿದ್ದು ಕೈ ಸುಟ್ಟು, ಕೆಲಸ ಬಿಟ್ಟು, ಕಳಿಸಲು ದುಡ್ಡಿಲ್ಲದೆ ಫೋನ್ ಮಾಡಲು ಮುಖವಿಲ್ಲದೆ ಇದ್ದನಂತೆ. ಫೋನು ಇಡುವ ತನಕ ಬೈಗುಳವೇ, ಬೇರೆ ಒಂದು ಮಾತಿಲ್ಲ. ಇಟ್ಟಮೇಲೆ ಹೊರಗೆ ಬಂದು ಮಾವನನ್ನು ಕೇಳಿದರು, ‘ನಾನಂದಿದ್ದು ಅವನಿಗೆ ಪೂರ್ತಿ ಕೇಳುಸ್ತೇನಣ್ಣಾ?’

ಮಗ ಮೈಸೂರಿಗೆ ವಾಪಸು ಬರಲಿಲ್ಲ. ಕೈ ಮಾಗಿದ ಮೇಲೆ ಬೇರೆ ಹೋಟೆಲು ಸೇರಿದ. ಆದರೆ ಭಾನುವಾರದ ಫೋನು ಮತ್ತೆ ತಪ್ಪಲಿಲ್ಲ. ಮುಂದಿನ ಚಳಿಗಾಲಗಳಲ್ಲಿ ಭಾಯಿ ಮುಂಬಯಿಗೆ ಹೊರಟಾಗಲೆಲ್ಲ ಅವರ ಟ್ರಂಕಿನಲ್ಲಿ ಒಂದು ಡಬ್ಬ ಕೋಡುಬಳೆ, ಒಂದು ಡಬ್ಬ ಹುರಿಗಡಲೆ ಚಟ್ನಿಪುಡಿ ಇರುತ್ತಿದ್ದವು.

ಮಗ ಸಿಕ್ಕ ವರ್ಷದ ಆಷಾಢ ಬಂತು. ಆಷಾಢ ಶುಕ್ರವಾರಗಳ ಹಿಂದಿನ ರಾತ್ರಿ ನಮ್ಮ ಅಂಗಡಿಗೆ ಷಟರೇ ಇಲ್ಲ, ಪೊಲೀಸಿನವರೂ ಏನೂ ಅನ್ನುವಂತಿರಲಿಲ್ಲ. ಗುರುವಾರ ಸಂಜೆಯಿಂದ ಅತ್ತೆ, ನಾನು ಹಳೆಯ ಪೇಪರಿನಲ್ಲಿ ಅರಿಶಿನ, ಕುಂಕುಮದ ಪೊಟ್ಟಣ ಕಟ್ಟುತ್ತ ಕೂರುವುದು. ಮೂರು ಗಂಟೆಯ ಹೊತ್ತಿಗೆಲ್ಲ ತಲೆಗೆ ಸ್ನಾನ ಮಾಡಿದ ಹೆಂಗಸರು ಗುಂಪು ಗುಂಪಾಗಿ ಪಾದದ ಕಡೆ ನಡೆಯುವರು. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಮೆಟ್ಟಿಲುಗಳು ಅವು. ಸಾವಿರದೆಂಟು ಎಂದು ವಾಡಿಕೆಯ ಲೆಕ್ಕ. ಏಳುನೂರರ ಆಸುಪಾಸಿನಲ್ಲಿ ಅದೇ ಒಡೆಯರ ಕಾಲದ ಏಕಶಿಲೆಯ ನಂದಿ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಬಳಿದು, ಕುಂಕುಮ ಇಟ್ಟು ಹತ್ತುತ್ತಾರೆ. ಸೊಂಟ ಎತ್ತಲು ಆಗದಂತಾದರೂ ಒಂದು ಮೆಟ್ಟಿಲು ಬಿಡುವಂತಿಲ್ಲ. ಬೆಳಗಾಗುವ ಹೊತ್ತಿಗೆ ಮೆಟ್ಟಿಲ ಸಾಲು ಕೆಳಗಿಂದ ಮೇಲಿನವರೆಗೆ ಹಳದಿ ಕೆಂಪಾಗಿರುತ್ತಿತ್ತು. ಇಳಿದು ಬಂದವರು ‘ದರ್ಶನ ಆಯ್ತು’ ಎಂದು ಊರಿಗೆ ಹೇಳಲು ಬೂತಿಗೆ ನುಗ್ಗುವರು, ಆರು ಗಂಟೆಯೊಳಗೆ ಮಾಡಿದರೆ ಕಾಲು ದರ. ಶನಿವಾರ ಬೆಳಿಗ್ಗೆ ನೋಡಿದರೆ ನಮ್ಮ ಫೋನಿನ ರಿಸೀವರು, ಒತ್ತುವ ಗುಂಡಿಗಳು ಎಲ್ಲ ಅರಿಶಿನ ಕುಂಕುಮಮಯ. ಮಾವ ಒದ್ದೆ ಬಟ್ಟೆಯಲ್ಲಿ ನಿಧಾನವಾಗಿ ಒರೆಸುತ್ತಿದ್ದರು. ಒಂಬತ್ತರ ಗುಂಡಿಯ ಸಂದಿನಲ್ಲಿ ಕೂತ ಕುಂಕುಮ ಮಾತ್ರ ವರ್ಷವಿಡೀ ಹೋಗುತ್ತಿರಲಿಲ್ಲ.

ಅಕ್ಕ ಆ ಸಲ ಹರಕೆ ಹೊತ್ತಿದ್ದರು. ಪೊಟ್ಟಣಗಳ ಚೀಲ ಹಿಡಿದುಕೊಂಡು ಜೊತೆಗೆ ಹೋಗು ಎಂದು ಮಾವ ನನ್ನನ್ನು ಕಳಿಸಿದರು. ಹೊರಡುವಾಗ ಭಾಯಿ ಬೆಂಚಿನಿಂದ ಎದ್ದು ಒಂದು ಪೊಟ್ಟಣ ಕುಂಕುಮಕ್ಕೆ ದುಡ್ಡು ಕೊಟ್ಟು, ‘ನನ್ನ ಲೆಕ್ಕದಲ್ಲೂ ನಾಲ್ಕು ಮೆಟ್ಲಿಗೆ ಹಚ್ಚಿ ಅಕ್ಕಾ’ ಅಂದರು. ನಂದಿಯ ಹತ್ತಿರ ತಲುಪುವಾಗ ಪೂರ್ತಿ ಬೆಳಕಾಗಿತ್ತು. ಅಕ್ಕ ಅಲ್ಲಿ ನೀರು ಕುಡಿದು, ಭಾಯಿಯ ಪೊಟ್ಟಣ ಬಿಚ್ಚಿ ಅಲ್ಲಿಂದ ಮುಂದಿನ ಮೆಟ್ಟಿಲುಗಳಿಗೆ ಅದನ್ನೇ ಇಡುತ್ತ ಹೋದರು. ನಾಲ್ಕಕ್ಕೆ ನಿಲ್ಲಿಸಲಿಲ್ಲ, ಅದು ಖಾಲಿಯಾಗುವ ತನಕ ಇಟ್ಟರು.

2000ದ ಜುಲೈ 30ರ ರಾತ್ರಿ ಎಲ್ಲರೂ ಅಣ್ಣಾವ್ರು ಅನ್ನುತ್ತಿದ್ದ ನಟ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಕಾಡುಗಳ್ಳ ವೀರಪ್ಪನ್ ಅಪಹರಿಸಿದ. ಮರುದಿನ ಮೈಸೂರಿನ ಅಂಗಡಿ ಬೀದಿಗಳೆಲ್ಲ ಮುಚ್ಚಿದವು. ಗಾಜನೂರು ಇರುವುದು ತಮಿಳುನಾಡಿನ ಸೀಮೆಯಲ್ಲಾದರೂ ಆ ತಾಳವಾಡಿ ಭಾಗದ ಜನ ಮನೆಯಲ್ಲಿ ಆಡುವುದು ಕನ್ನಡ. ನಮ್ಮ ಬೀದಿಯಲ್ಲೇ ತಾಳವಾಡಿಗೆ ಹೆಣ್ಣು ಕೊಟ್ಟವರಿದ್ದರು. ಅವರೆಲ್ಲ ಹಗಲು ದರವೋ ಕಾಲು ದರವೋ ನೋಡದೆ ಬಂದು, ಅಲ್ಲಿಯವರು ಏನು ಕೇಳಿದಿರಿ, ಏನು ಕಂಡಿರಿ ಎಂದು ವಿಚಾರಿಸುತ್ತಿದ್ದರು. ಅಣ್ಣಾವ್ರು ಬಿಡುಗಡೆಯಾಗಿ ಬರುವ ತನಕದ 108 ದಿನ ಊರಿನ ಮನಸ್ಸೇ ಸರಿಯಿರಲಿಲ್ಲ. ಮಾವನಂತೂ ಅಣ್ಣಾವ್ರ ಭಕ್ತರು, ಬಾಳೆಗೊನೆಯ ಹಿಂದೆ ದೇವರ ಪಟದ ಪಕ್ಕದಲ್ಲೇ ಅವರ ಪಟ.

ಆ ದಿನಗಳಲ್ಲಿ ಬೆಟ್ಟದ ಕೆಳಗೆ ಹೊಸ ಬಡಾವಣೆಯೊಂದರಲ್ಲಿ ಗಾರೆ ಕೆಲಸಕ್ಕೆ ಧರ್ಮಪುರಿ ಕಡೆಯಿಂದ ಬಂದ ಹುಡುಗನೊಬ್ಬನಿದ್ದ. ರಾತ್ರಿ ಜನ ಕಡಿಮೆಯಾದ ಮೇಲೆ ಬಂದು ತಾಯಿಗೆ ಫೋನ್ ಮಾಡುತ್ತಿದ್ದ. ಕೂಗಿ ಮಾತಾಡಬೇಕು, ಆಡುವುದು ತಮಿಳು, ಹೊರಗೆ ಬೆಂಚಿನ ಸುತ್ತ ಸಿಟ್ಟಿನಲ್ಲಿದ್ದ ನಾಲ್ಕಾರು ಹುಡುಗರು. ಒಂದು ರಾತ್ರಿ ಅವನು ಬೂತಿನೊಳಗೆ ಹೋದದ್ದೇ ಮಾವ ಸ್ಟೂಲಿನಿಂದ ಇಳಿದು, ಕಾಲೆಳೆಯುತ್ತ ಹೋಗಿ, ಕೂರದ ಆ ಬಾಗಿಲನ್ನು ಹೆಗಲು ಕೊಟ್ಟು ಒತ್ತಿ ನಿಂತರು. ಟೇಪ್‌ರೆಕಾರ್ಡರಿಗೆ ಅಣ್ಣಾವ್ರ ಭಕ್ತಿಗೀತೆಯ ಕ್ಯಾಸೆಟ್ಟು ಹಾಕಿ ದನಿ ಏರಿಸು ಎಂದು ನನಗೆ ಸನ್ನೆ ಮಾಡಿದರು. ಅಣ್ಣಾವ್ರ ದನಿ ಬಂದ ಕೂಡಲೇ ಬೆಂಚಿನ ಹುಡುಗರು ಮಾತು ನಿಲ್ಲಿಸಿ ಕೇಳುತ್ತ ಕೂತರು. ಒಳಗೆ ಅವನು ಕೂಗಿ ಕೂಗಿ ತಾಯಿಯ ಹತ್ತಿರ ಮಾತಾಡಿದ. ಆಮೇಲೆ ಪ್ರತಿ ರಾತ್ರಿಯೂ ಅದೇ ಏರ್ಪಾಡು. ಕೆಲಸ ನಿಂತು ಕೂಲಿ ಸಿಗದಿದ್ದುದರಿಂದ ಅವನ ಚೀಟಿಗಳನ್ನೆಲ್ಲ ಮಾವ ಬಾಕಿ ಪುಸ್ತಕದಲ್ಲಿ ಬರೆದುಕೊಂಡರು. ನವೆಂಬರ್ 15ರಂದು ಅಣ್ಣಾವ್ರು ಬಿಡುಗಡೆಯಾದ ಸುದ್ದಿ ಬಂದಾಗ ಆ ಹುಡುಗನೇ ಎಲ್ಲಿಂದಲೋ ಒಂದು ಸರ ಪಟಾಕಿ ತಂದು ಅಂಗಡಿ ಮುಂದೆ ಹಚ್ಚಿದ.

ಬೂತಿನ ಕಾಲ ಮುಗಿದದ್ದು ಬಹಳ ಬೇಗ. ಎಸ್‌ಟಿಡಿ ದರ ಇಳಿಯುತ್ತ ಬಂದು ಹಗಲಿಗೂ ರಾತ್ರಿಗೂ ಅಂಥ ಅಂತರ ಉಳಿಯಲಿಲ್ಲ. 2003ರಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾಯಿತು. 2006ರಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದು ಬಿಎಸ್‌ಎನ್‌ಎಲ್ ಯೋಜನೆ ತಂದಿತು. ಜನಕ್ಕೆ ಒಳ್ಳೆಯದೇ ಆಯಿತು. ಅಕ್ಕನಿಗೆ ಮಗನೇ ಒಂದು ಮೊಬೈಲು ಕೊಡಿಸಿದ, ಯಾವ ಭಾನುವಾರಕ್ಕೂ ಕಾಯಬೇಕಿಲ್ಲ. ಅದನ್ನು ತೋರಿಸಲು ಅವರು ಬಂದಾಗ ಮಾವನಿಗೆ ನಿಜಕ್ಕೂ ಸಂತೋಷವಾಯಿತು. ಸಿಸ್ಟರ್ ಕುವೈತಿಗೆ ಹೋದರು, ಮೇಷ್ಟ್ರು ತೀರಿಕೊಂಡರು. ನಾನು ಕೆಲಸ ಸಿಕ್ಕಿ ಬೆಂಗಳೂರು ಸೇರಿದೆ. ಮಾವ ಗಾಜು ತೆಗೆಸಿ ಬೂತಿನ ಜಾಗದಲ್ಲಿ ಹಾಲಿನ ಕ್ರೇಟು ಇಟ್ಟರು. ಒಂಬತ್ತೂವರೆಗೆ ಷಟರು ಪೂರ್ತಿ ಎಳೆಯುವುದು ರೂಢಿಯಾಯಿತು.

ಮಾವ ಹೋದದ್ದು 2018ರಲ್ಲಿ. ತಿಥಿಯ ದಿನ ನೆಂಟರ ಲೆಕ್ಕ ಹಾಕಿ ಅಡುಗೆ ಹೇಳಿದ್ದೆವು, ಬಂದವರು ಅದರ ಎರಡರಷ್ಟು. ಆಟೋದ ಅಣ್ಣ ಬಾಯಿಂದ ಬಾಯಿಗೆ ಸುದ್ದಿ ಮುಟ್ಟಿಸಿದ್ದರು. ನಿವೃತ್ತರಾಗಿದ್ದ ಕಾನ್‌ಸ್ಟೇಬಲ್ಲು ಎಂಜಿನಿಯರಿಂಗ್ ಓದುವ ಮಗಳನ್ನು ಕರೆದುಕೊಂಡು ಬಂದಿದ್ದರು, ಫೋನಿನಲ್ಲಿ ಬರೀ ಉಸಿರಾಗಿ ಕೇಳುತ್ತಿದ್ದ ಮಗು ಅದೇ. ಭಾಯಿ ಕೋಲೂರಿಕೊಂಡು ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತರು. ಧರ್ಮಪುರಿಯ ಆ ಹುಡುಗ ಈಗ ಮೇಸ್ತ್ರಿ, ಮೈಸೂರಿನಲ್ಲೇ ಮನೆ ಮಾಡಿದ್ದಾರೆ. ಊಟಕ್ಕೆ ಮುಂಚೆ ಅತ್ತೆಯ ಮುಂದೆ ಕವರೊಂದನ್ನು ಇಟ್ಟರು.

‘ಬಾಕಿ ಇತ್ತಮ್ಮ. ಆಗ್ಲಿಂದ ಕೊಡಬೇಕು ಕೊಡಬೇಕು ಅಂತ...’

‘ಬಾಕಿ ಪುಸ್ತಕ ಬೂತು ತೆಗೆದ ದಿವ್ಸನೇ ಒಲೆಗಾಕುದ್ರು ಅವ್ರು. ಬರ್ದಿಲ್ದೆ ಇರೋ ದುಡ್ಡ ನಾನ್ ಹೆಂಗಪ್ಪ ಮುಟ್ಲಿ?’ ಎಂದು ಅತ್ತೆ ಕವರನ್ನು ವಾಪಸು ಸರಿಸಿದರು.

ಮೇಸ್ತ್ರಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಅಂಗಡಿಯ ಮುಂದಿನ ಮೆಟ್ಟಿಲು ಕಿತ್ತುಹೋಗಿದೆಯಲ್ಲ, ಅದನ್ನಾದರೂ ಕಟ್ಟಿಕೊಡಲೇ ಎಂದು ಕೇಳಿದರು. ‘ಅದ್ ಕಟ್ಕೊಡು. ಈಗ ಏಳು, ಎಲೆ ಹಾಕವ್ರೆ’ ಅಂದರು ಅತ್ತೆ. ಮುಂದಿನ ಭಾನುವಾರ ಅವರು ಸಿಮೆಂಟು, ಮರಳು ತಂದು, ಮಗನನ್ನೂ ಕರೆದುಕೊಂಡು ಬಂದು ಮೂರು ಮೆಟ್ಟಿಲು ಕಟ್ಟಿದರು, ಮಾವನಂಥ ಕಾಲಿನವರು ಹತ್ತಿದರೂ ಆಯಾಸವಾಗದ ಹಾಗೆ ಒಂದೊಂದನ್ನೂ ತಗ್ಗಾಗಿ. ಅತ್ತೆ ವಾರವೆಲ್ಲ ಅದಕ್ಕೆ ಬೆಳಿಗ್ಗೆ ಸಂಜೆ ನೀರು ಹಾಕಿದರು.